ಕೇಳುವ ಕಿವಿ ಇದ್ದರೆ

ನಮ್ಮವರು ಬೆಂಗಳೂರಿನಲ್ಲಿ ಕಟ್ಟಡ ಸಲಹೆಗಾರರ ಆಫೀಸೊಂದರಲ್ಲಿ ಡ್ರಾಫ್ಟ್ಸ್‌ಮನ್. ಎಂಜಿನಿಯರುಗಳ ಲೆಕ್ಕಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಅವರ ಕೆಲಸ. ಎಸ್ಸೆಸ್ಸೆಲ್ಸಿ ಓದಿದ ನನಗೆ ಸಿಮೆಂಟು, ಕಂಬಿಯ ವಿಷಯ ಏನು ಗೊತ್ತು ಅಂತೀರಾ? ಇಪ್ಪತ್ತೆರಡು ವರ್ಷದಿಂದ ಸಂಜೆ ಅವರ ಮುಖ ನೋಡಿ ಕಾಫಿ ಕೊಟ್ಟವಳು ನಾನು. ಆಫೀಸು ಹೇಗಿದೆಯೆಂದು ಆ ಮುಖವೇ ಹೇಳುತ್ತದೆ.

ಹಿಂದಿನ ಆಫೀಸಿಗೆ ಒಂದು ಶಾಲೆಯ ಕೆಲಸ ಬಂದಿತ್ತು. "ತಾರಸಿಯಲ್ಲಿ ಹೆಂಚು ಕೂರಿಸಿದರೆ ಹೇಗೆ ಸಾರ್?" ಅಂದರಂತೆ ಇವರು. ತಾರಸಿಯ ಕೆಳಭಾಗದಲ್ಲಿ ಜಗ್ಗುವುದನ್ನು ತಡೆಯುವುದು ಕಂಬಿ. ಅಲ್ಲಿ ಕಾಂಕ್ರೀಟಿಗೆ ಅಷ್ಟು ಕೆಲಸವಿಲ್ಲ. ಅದಕ್ಕೇ ಕಂಬಿಗಳ ನಡುವೆ ಮಂಗಳೂರು ಹೆಂಚು ಇಟ್ಟರೆ ಕಾಂಕ್ರೀಟೂ ಉಳಿಯುತ್ತದೆ, ಭಾರವೂ ಕಮ್ಮಿ. ಕೇರಳದಲ್ಲಿ ಲಾರಿ ಬೇಕರ್ ಅವರು ಗಾರೆ ಕೆಲಸದವರ ಜೊತೆ ನಿಂತು ಇಂಥ ಮನೆಗಳನ್ನು ಎಷ್ಟೋ ಕಟ್ಟಿಸಿದರು. ಆದರೆ ಇವರಿಗೆ ಸಿಕ್ಕ ಉತ್ತರವೇನು ಗೊತ್ತೇ? "ನಿನ್ನ ಇಟ್ಕೊಂಡಿರೋದು ಗೆರೆ ಎಳೆಯೋಕೆ, ತಲೆ ಓಡಿಸೋಕಲ್ಲ." ಅದೂ ಎಲ್ಲರೆದುರಿಗೆ!

ಅಂದಿನಿಂದ ಇವರ ಬಾಯಿ ಕಟ್ಟಿತು. ಕೆಲವೇ ದಿನಕ್ಕೆ ಅದೇ ಶಾಲೆಯ ನಕ್ಷೆಯಲ್ಲಿ, ಉಳಿದ ಬೀಮುಗಳಿಗೆ ನಾಲ್ಕು ಕಂಬಿ ಇದ್ದರೆ ಅಷ್ಟೇ ಉದ್ದದ ಒಂದಕ್ಕೆ ಎರಡೇ ಇರುವುದು ಕಣ್ಣಿಗೆ ಬಿತ್ತು. "ನಂಗ್ಯಾಕೆ" ಅಂತ ಸುಮ್ಮನೆ ಬಂದುಬಿಟ್ಟರು. ರಾತ್ರಿ ನಿದ್ದೆ ಬರಲಿಲ್ಲ. ವಿಷಯ ತಿಳಿದಾಗ ನನ್ನ ಎದೆ ಧಸಕ್ಕೆಂದಿತು. "ಬೈದರೆ ಬೈಸ್ಕೊಳ್ಳಿ, ಹೋಗಿ ಹೇಳಿ. ಅದರ ಕೆಳಗೆ ಮಕ್ಕಳು ಕೂತ್ಕೋತಾರೆ" ಅಂದೆ. ಹೇಳಿದರು, ತಪ್ಪು ತಿದ್ದಿದರು. ಆದರೆ ಆ ಆಫೀಸಿನಲ್ಲಿ ಇವರು ಹೆಚ್ಚು ದಿನ ನಿಲ್ಲಲಿಲ್ಲ.

ಈಗಿನ ಆಫೀಸಿನಲ್ಲಿ ಶನಿವಾರ ಚಹಾ ಹೊತ್ತಿಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಈ ವಾರ ಎಲ್ಲಿ ಎಡವಿದೆವು ಎಂದು ಮೊದಲು ಹೇಳುವವರು ಯಜಮಾನರೇ! ಸಿಡ್ನಿಯ ಆಪೆರಾ ಹೌಸಿನ ಛಾವಣಿಗೆ ಎಂಜಿನಿಯರುಗಳಾಗಿದ್ದ ಸಂಸ್ಥೆಯ ಓವ್ ಆರಪ್, 1970ರಲ್ಲಿ ತಮ್ಮವರ ಮುಂದೆ ಮಾತಾಡುತ್ತಾ, ಒಳ್ಳೆಯ ಕೆಲಸದ ಜೊತೆಗೆ ಮನುಷ್ಯತ್ವವಿರುವ ಸಂಸ್ಥೆಯೂ ಬೇಕೆಂದಿದ್ದರಂತೆ. ಅದನ್ನು ಇವರಿಗೆ ಹೇಳಿದವರೂ ಆ ಯಜಮಾನರೇ. ಹಾಗೆಂದು ಹೇಳಿದ್ದನ್ನೆಲ್ಲ ಒಪ್ಪುತ್ತಾರೆಂದಲ್ಲ. ಹೆಂಚಿನ ಮಾತಿಗೆ, "ಸೋರಿದರೆ? ಬಿರುಕು ಬಿಟ್ಟರೆ?" ಎಂದು ಹತ್ತು ಪ್ರಶ್ನೆ ಕೇಳಿದರು. ಕೊನೆಗೆ, "ಮೊದಲು ಒಂದು ಕಾರ್ ಶೆಡ್ಡಿಗೆ ಮಾಡಿ ನೋಡೋಣ" ಅಂದರು. ಅವತ್ತು ಇವರು ಕಾಫಿ ಕುಡಿಯುವುದನ್ನೂ ಮರೆತು ನನಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು!

ಅಲ್ಲಾ ಅಕ್ಕಂದಿರೇ, ಹೊಸದು ಹುಟ್ಟುವುದು ದೊಡ್ಡ ಡಿಗ್ರಿಯಿಂದ ಮಾತ್ರವೇ? ಕೇಳಿದರೆ ಅವಮಾನ ಆಗಲ್ಲ ಅನ್ನುವ ಧೈರ್ಯವೂ ಬೇಕಲ್ಲವೇ?

ಮೊನ್ನೆ ಮಗಳು, "ಅಮ್ಮಾ, ಇಡ್ಲಿಗೆ ಅಕ್ಕಿ ಬದಲು ನವಣೆ ಹಾಕೋಣ" ಅಂದಳು. "ನಂಗೇ ಹೇಳ್ಕೊಡ್ತೀಯೇನೇ" ಅನ್ನಲು ಬಾಯಿ ತೆರೆದವಳಿಗೆ ಇವರ ಅಂದಿನ ಮುಖ ನೆನಪಾಯಿತು. "ಮಾಡು, ನೋಡೋಣ" ಅಂದೆ. ಇಡ್ಲಿ ಸ್ವಲ್ಪ ಗಟ್ಟಿಯಾಯಿತು, ನಿಜ. "ಮುಂದಿನ ಸಲ ಉದ್ದು ಜಾಸ್ತಿ ಹಾಕ್ತೀನಿ" ಎಂದು ಅವಳೇ ಹೇಳಿದಳು.