ಪೀಣ್ಯದ ತಣ್ಣನೆಯ ಕೋಣೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶವೆಂದರೆ ಲೇತುಗಳ ಗದ್ದಲ, ಎಣ್ಣೆಯ ವಾಸನೆ. ಅಲ್ಲಿನ ಕಾರ್ಖಾನೆಯೊಂದರ ಅಳತೆ ಕೋಣೆ ಮಾತ್ರ ನಿಶ್ಶಬ್ದ. ಬಿಸಿಗೆ ಉಕ್ಕು ಹಿಗ್ಗುತ್ತದಲ್ಲ, ಅದಕ್ಕೇ ಉಷ್ಣತೆ ಸದಾ 20 ಡಿಗ್ರಿ ಸೆಲ್ಸಿಯಸ್. ಗ್ರಾನೈಟ್ ಮೇಜಿನ ಮೇಲೆ ಸಿಎಂಎಂ ಯಂತ್ರದ ಮಾಣಿಕ್ಯದ ಗುಂಡು ಬಿಡಿಭಾಗಗಳನ್ನು ಮುಟ್ಟಿ ಮುಟ್ಟಿ ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ.

ಅವು ಕೂರುವ ಫಿಕ್ಸ್ಚರ್ ತಟ್ಟೆ ಪಡ್ಡಿನ ಹಂಚಿನಂತಿದೆ; ಒಮ್ಮೆಗೇ 40 ಬಿಡಿಭಾಗ. ಪ್ರತಿಯೊಂದಕ್ಕೂ ಅಡಿಯಲ್ಲಿ ಮೂರು, ಪಕ್ಕದಲ್ಲಿ ಎರಡು, ತುದಿಯಲ್ಲಿ ಒಂದು ಆಸರೆ. ಜಾರುವ, ತಿರುಗುವ ಆರೂ ಚಲನೆಗೆ ಕಡಿವಾಣ. ಬಿಗಿ ಹೆಚ್ಚಾದರೆ ವಸ್ತುವೇ ಬಾಗೀತು. ಅಡಿಯಲ್ಲಿ ಲೋಹದ ಚೂರೊಂದು ಸಿಕ್ಕರೆ ಒಳ್ಳೆಯದು ತಿರಸ್ಕೃತವಾಗಿ ಕೆಟ್ಟದ್ದು ಪಾಸಾದೀತು. ಆ ಕೆಟ್ಟದ್ದು ನಾಳೆ ನಾವು ಕೂತ ಬಸ್ಸಿನ ಬ್ರೇಕಿನಲ್ಲಿರಬಹುದು! ಯಂತ್ರ ಎಷ್ಟೇ ನಿಖರವಾಗಿದ್ದರೂ, ಪ್ರತಿ ಗುಳಿಯನ್ನೂ ಒರೆಸಿ ಕೂರಿಸುವ ಹುಡುಗಿಯ ಕೈಯನ್ನೇ ಅದು ನಂಬಿದೆ.