ಗಾಯ ಮಾಗಿದ ಮೇಲಿನ ನೋವು

ಮುಳ್ಳು ಚುಚ್ಚಿದೊಡನೆ ಮನುಷ್ಯನು ಕಾಲನ್ನು ಥಟ್ಟನೆ ಮೇಲೆತ್ತುತ್ತಾನೆ. ಗಾಯ ಮಾಗುವವರೆಗೆ ಆ ಕಾಲನ್ನು ಜೋಪಾನವಾಗಿ ಊರುತ್ತಾನೆ. ಈ ಅರ್ಥದಲ್ಲಿ ನೋವು ದೇಹದ ಹಿತೈಷಿ. ಆದರೆ ಗಾಯ ಮಾಗಿ, ಕಲೆಯೊಂದೇ ಉಳಿದು, ತಿಂಗಳುಗಳು ಉರುಳಿದ ಮೇಲೂ ಬಿಡದೆ ಕಾಡುವ ನೋವೊಂದುಂಟು. ಅದಕ್ಕೆ ತುತ್ತಾದವರಿಗೆ ನೋವಿನ ಜೊತೆಗೆ ಅಪನಂಬಿಕೆಯ ಭಾರವೂ ಸೇರುತ್ತದೆ. 'ಎಲ್ಲವೂ ಮನಸ್ಸಿನ ಭ್ರಮೆ' ಎಂಬ ಮಾತನ್ನು ಅವರು ಮನೆಯವರಿಂದಲೂ, ಒಮ್ಮೊಮ್ಮೆ ವೈದ್ಯರಿಂದಲೂ ಕೇಳಬೇಕಾಗುತ್ತದೆ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ನರಗಳಿಗೆ ಗುಂಡೇಟು ತಗಲಿದ ಸೈನಿಕರನ್ನು ಫಿಲಡೆಲ್ಫಿಯಾದ ಸೇನಾ ಆಸ್ಪತ್ರೆಯಲ್ಲಿ ಸೈಲಾಸ್ ವಿಯರ್ ಮಿಚೆಲ್ ಎಂಬ ವೈದ್ಯರು ಉಪಚರಿಸುತ್ತಿದ್ದರು. ಇಬ್ಬರು ಸಹೋದ್ಯೋಗಿಗಳೊಡನೆ ಅವರು 1864ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಚಿತ್ರವಾದ ಉರಿನೋವಿನ ವರ್ಣನೆಯಿದೆ. ಗಾಯ ಮಾಗಿದ್ದರೂ ಕೈ ಬೆಂಕಿಯಲ್ಲಿಟ್ಟಂತೆ ಉರಿಯುತ್ತಿತ್ತು. ರೋಗಿಗಳು ಅದನ್ನು ಸದಾ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದರು. ಗುಂಡಿಗೆ ಎದೆಯೊಡ್ಡಿದವರು ಹಗುರವಾದ ಸ್ಪರ್ಶಕ್ಕೆ ನಡುಗಿದರೆ ಅದನ್ನು ಹೇಡಿತನವೆನ್ನಲು ಯಾರಿಗೆ ಬಾಯಿ ಬಂದೀತು?

ಶಾಲೆಯ ಪಾಠಗಳಲ್ಲಿ ನರಗಳನ್ನು ತಂತಿಗಳಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ತಪ್ಪಲ್ಲ, ಸಾಲದು ಅಷ್ಟೆ. ನರಕೋಶಗಳ ನಡುವೆ ಬೇರೊಂದು ಜಾತಿಯ ಪುಟ್ಟ ಕೋಶಗಳಿರುವುದನ್ನು ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗ ಅವರು 1919ರಲ್ಲಿ ಬೆಳ್ಳಿಯ ಲವಣದಿಂದ ಬಣ್ಣಗಟ್ಟಿಸಿ ತೋರಿಸಿದರು. ಮೈಕ್ರೋಗ್ಲಿಯಾ ಎಂಬ ಈ ಕೋಶಗಳು ಭ್ರೂಣಾವಸ್ಥೆಯಲ್ಲಿಯೇ ಹೊರಗಿನಿಂದ ವಲಸೆ ಬಂದು ಮಿದುಳು, ಬೆನ್ನುಹುರಿಗಳಲ್ಲಿ ನೆಲಸಿದ ಕಾವಲುಗಾರರು. ಅಟ್ಟಣೆಯ ಮೇಲೆ ಕುಳಿತ ಹೊಲಗಾವಲಿನವನು ಸುತ್ತ ಕಣ್ಣಾಡಿಸುವಂತೆ, ಅವು ಎಳೆಯೆಳೆಯಾದ ಕೈಗಳನ್ನು ಚಾಚಿ ನೆರೆಹೊರೆಯನ್ನು ತಡವುತ್ತಿರುತ್ತವೆ. ಸೋಂಕನ್ನೂ ಸತ್ತ ಕೋಶಗಳನ್ನೂ ಕಂಡರೆ ನುಂಗುತ್ತವೆ.

ನರಕ್ಕೆ ಪೆಟ್ಟಾದಾಗ ಬೆನ್ನುಹುರಿಯ ಈ ಕಾವಲುಗಾರರ ವರ್ತನೆ ಬದಲಾಗುತ್ತದೆ. ಜಪಾನಿನ ಮಕೋತೋ ತ್ಸುದ, ಕಝುಹಿದೆ ಇನೋವೆ, ಕೆನಡದ ಮೈಕೇಲ್ ಸಾಲ್ಟರ್ ಮೊದಲಾದವರು 2003ರಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೆರಳಿಸಿದ ಮೈಕ್ರೋಗ್ಲಿಯಾವನ್ನು ಆರೋಗ್ಯವಂತ ಇಲಿಯ ಬೆನ್ನುಹುರಿಯ ಬಳಿ ಸೇರಿಸಿದಾಗ, ಯಾವ ಗಾಯವೂ ಇಲ್ಲದ ಆ ಇಲಿ ಮೆಲುಸ್ಪರ್ಶಕ್ಕೇ ಕಾಲನ್ನು ಹಿಂದೆಳೆದುಕೊಂಡಿತು! ಬಗೆ ಹೇಗೆಂಬುದು 2005ರಲ್ಲಿ ತಿಳಿಯಿತು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ ನರಕೋಶಗಳುಂಟು. ಮುಂದಿನ ಕೋಶದೊಳಕ್ಕೆ ಕ್ಲೋರೈಡನ್ನು ಹರಿಯಿಸಿ ಅದನ್ನು ಸುಮ್ಮನಾಗಿಸುವುದು ಅವುಗಳ ಕೆಲಸ. ಮೈಕ್ರೋಗ್ಲಿಯಾ ಸ್ರವಿಸುವ ಪ್ರೋಟೀನೊಂದು ಕ್ಲೋರೈಡಿನ ಈ ಸಮತೋಲವನ್ನೇ ಕೆಡಿಸುತ್ತದೆ. ಆಗ ಸಂತೈಸಬೇಕಾದ ಸಂಕೇತವೇ ಕೆಲವೊಮ್ಮೆ ಕೆರಳಿಸುವ ಸಂಕೇತವಾಗುತ್ತದೆ. ಬಟ್ಟೆಯ ಸೋಂಕೂ ಉರಿಯೆನಿಸುತ್ತದೆ. ಇದರಲ್ಲಿ ಭ್ರಮೆಯೆಲ್ಲಿ ಬಂತು?

ಆದರೆ ಕಾವಲುಗಾರರನ್ನು ಅಡಗಿಸಿದರೆ ನೋವು ತೀರಿತೆಂದು ಹಿಗ್ಗಿದವರು ನಿರಾಶರಾದರು. ಪ್ರಾಣಿಗಳಲ್ಲಿ ಫಲಕೊಟ್ಟ ಪ್ರೊಪೆಂಟೋಫಿಲಿನ್ ಎಂಬ ಔಷಧ, ಸರ್ಪಸುತ್ತಿನ ಬಳಿಕ ಉಳಿಯುವ ನೋವಿನಿಂದ ಬಳಲುವ ರೋಗಿಗಳಲ್ಲಿ ನಿಷ್ಫಲವಾಯಿತು. ಗಂಡಿಲಿಗಳಲ್ಲಿ ಮೈಕ್ರೋಗ್ಲಿಯಾವನ್ನು ತಡೆದರೆ ನೋವು ತಗ್ಗುತ್ತದೆ, ಹೆಣ್ಣಿಲಿಗಳಲ್ಲಿ ತಗ್ಗದು ಎಂದು 2015ರಲ್ಲಿ ಪ್ರಕಟವಾಯಿತು. ಬಹುಕಾಲದ ನೋವಿನಿಂದ ಬಳಲುವವರಲ್ಲಿ ಹೆಂಗಸರೇ ಹೆಚ್ಚು. ಪ್ರಯೋಗಗಳು ಮಾತ್ರ ಬಹುಪಾಲು ಗಂಡು ಪ್ರಾಣಿಗಳ ಮೇಲೆಯೇ ನಡೆದುಬಂದಿದ್ದವು. ವಿಜ್ಞಾನವೂ ಒಂದು ಕಣ್ಣು ಮುಚ್ಚಿ ನೋಡಿದ ಕಾಲವುಂಟು.

2022ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ತ್ಸುದ ಅವರ ತಂಡ ಇನ್ನೊಂದು ಸಂಗತಿಯನ್ನು ಕಂಡಿತು. ಮನುಷ್ಯರ ಮಾತು ಇನ್ನೂ ದೂರ. ಇದು ಇಲಿಮರಿಯಷ್ಟು ಸಣ್ಣ ಮೂಷಿಕಗಳ ವಿಚಾರ. ನರಕ್ಕೆ ಪೆಟ್ಟಾದ ಕೆಲವು ಕಾಲದ ಮೇಲೆ, ಅದೇ ಮೈಕ್ರೋಗ್ಲಿಯಾ ಕುಲದಲ್ಲಿಯೇ ಬೇರೊಂದು ಪಂಗಡ ಕಾಣಿಸಿಕೊಂಡು, ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ವಸ್ತುವೊಂದನ್ನು ಸ್ರವಿಸಿ ನೋವನ್ನು ಇಳಿಸುತ್ತದೆ. ಆ ಪಂಗಡವನ್ನು ಮೊದಲೇ ತೆಗೆದಾಗ ನೋವು ಇಳಿಯಲಿಲ್ಲ. ಪೂರ್ತಿ ಗುಣವಾದ ಪ್ರಾಣಿಗಳಿಂದ ತೆಗೆದಾಗ, ಹೊಸ ಗಾಯವಿಲ್ಲದೆಯೇ ಹಳೆಯ ನೋವು ಮರಳಿ ಬಂದಿತು.