ಕಿರಿದಾದ ಪರದೆ ಮತ್ತು ಓಲೆಗರಿಯ ಒಂದು ಅಂಕೆ

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓಲೆಗರಿ ಓದುವುದನ್ನು ಕಲಿತವರು. ಗರಿಗೆ ದೀಪದ ಮಸಿ ಲೇಪಿಸಿ, ಬಟ್ಟೆಯಿಂದ ಒರೆಸಿ, ಕಂಟದ ಗೆರೆಗಳಲ್ಲಿ ಮಸಿ ನಿಂತು ಅಕ್ಷರ ಮೂಡುವುದನ್ನೇ ಕಾಯುತ್ತಿದ್ದ ಕಣ್ಣುಗಳಿಗೆ ಅರವತ್ತಾರರ ಈ ವಯಸ್ಸಿನಲ್ಲಿ ಗಣಕಯಂತ್ರದ ಪರದೆಯೇ ಗರಿಯಾಗಿದೆ. ಆ ಪರದೆಯ ದೆಸೆಯಿಂದ ಕಳೆದ ವರ್ಷ ನಮ್ಮಿಂದ ಒಂದು ತಪ್ಪು ಘಟಿಸಿತು. ತಪ್ಪು ನಮ್ಮದೇ ಸರಿ. ಆದರೆ ಅದಕ್ಕೆ ಕಾರಣವಾದ ತೊಡಕು ಇಂದು ಅನೇಕ ಮನೆಗಳ ಗಣಕಗಳಲ್ಲಿ ತಲೆದೋರಬಹುದಾದದ್ದು. ಆದ್ದರಿಂದ ಓದುಗ ಬಂಧುಗಳಲ್ಲಿ ಅದನ್ನು ನಿವೇದಿಸಿಕೊಳ್ಳುತ್ತಿದ್ದೇವೆ.

ನಮಗೆ ಪರಿಚಿತರಾದ ಒಕ್ಕಲು ಮನೆತನದವರೊಬ್ಬರು ತಮ್ಮ ಹಿರಿಯರಿಂದ ಬಂದ ಪಶುವೈದ್ಯದ ಓಲೆಕಟ್ಟೊಂದರ ಛಾಯಾಪ್ರತಿಗಳನ್ನು ತಂದುಕೊಟ್ಟು, ಇಂದಿನ ಲಿಪಿಗೆ ಇಳಿಸಿಕೊಡಬೇಕೆಂದು ಕೋರಿದರು. ನಮ್ಮ ಗಣಕದಲ್ಲಿರುವುದು ವಿಂಡೋಸ್. ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದಿಟ್ಟ ನಮ್ಮ ಹಳೆಯ ಲೇಖನಗಳೆಲ್ಲ ಅದರಲ್ಲಿರುವುದರಿಂದ ಅದನ್ನು ತೆಗೆಯಲು ಮನಸ್ಸಿಲ್ಲ. ನಮ್ಮ ತಮ್ಮನ ಮಗನಾದರೋ ಲಿನಕ್ಸ್‌ನ ಪಕ್ಷಪಾತಿ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಆ ವ್ಯವಸ್ಥೆಯ ಗುಣಗಾನವನ್ನು ಅವನಿಂದ ಎಷ್ಟೋ ಸಲ ಕೇಳಿದ್ದೇವೆ. "ದೊಡ್ಡಪ್ಪ, ವಿಂಡೋಸ್ ಇದ್ದ ಹಾಗೆಯೇ ಇರಲಿ, ಅದರೊಳಗೇ ಇನ್ನೊಂದು ಗಣಕ ಕಟ್ಟಿಕೊಡುತ್ತೇನೆ" ಎಂದು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಹಾಕಿ, ಅದರಲ್ಲಿ ಉಬುಂಟು ಸ್ಥಾಪಿಸಿ, ಅಂದಿನ ರಾತ್ರಿಯ ಬಸ್ಸಿಗೇ ಹೊರಟುಹೋದ. ಗಣಕದೊಳಗಿನ ಗಣಕ! ಹೊರಗಿನದನ್ನು ಆತಿಥೇಯ, ಒಳಗಿನದನ್ನು ಅತಿಥಿ ಎಂದು ಕರೆಯುವುದು ಆ ಶಾಸ್ತ್ರದ ಪರಿಭಾಷೆ.

ಮರುದಿನ ಕುಳಿತು ನೋಡಿದರೆ, ವಿಶಾಲವಾದ ಪರದೆಯ ನಡುವೆ ಅತಿಥಿಯ ಕಿಟಕಿ ಅಂಗೈಯಗಲವಾಗಿ ನಿಂತಿತ್ತು. ಅಡ್ಡಕ್ಕೆ 800 ಬಿಂದು, ಉದ್ದಕ್ಕೆ 600. ಕೆಲವು ಸಂವಾದ ಚೌಕಗಳಲ್ಲಿ ಒಪ್ಪಿಗೆಯ ಗುಂಡಿಯೇ ಕೆಳಗೆ ಮರೆಯಾಗಿತ್ತು. ಓಲೆಗರಿಯಾದರೋ ಅಡ್ಡಕ್ಕೆ ಬಹು ನೀಳ. ಇಡೀ ಸಾಲು ಕಾಣುವಂತೆ ಇಟ್ಟರೆ ಅಕ್ಷರ ಇರುವೆಯಷ್ಟು. ಹಿಗ್ಗಿಸಿದರೆ ಸಾಲು ತುಂಡಾಗಿ, ಎಲ್ಲಿ ಬಿಟ್ಟೆವೆಂಬುದೇ ತಿಳಿಯದು. ಪದಗಳ ನಡುವೆ ತೆರಪಿಲ್ಲದ ಬರವಣಿಗೆಯಲ್ಲಿ ಇದು ಎಂಥ ಯಾತನೆ ಎಂಬುದನ್ನು ಅನುಭವಿಗಳೇ ಬಲ್ಲರು.

ಹುಡುಗನನ್ನು ಕೇಳಲು ಸಂಕೋಚಪಟ್ಟು ನಾವೇ ಅಲ್ಲಿ ಇಲ್ಲಿ ಒತ್ತುತ್ತಾ ಹೋದೆವು. ಗ್ರಾಫಿಕ್ಸ್ ನಿಯಂತ್ರಕ ಎಂಬಲ್ಲಿ ಏನನ್ನೋ ಬದಲಿಸಿದೆವು, ಫಲವಾಗಲಿಲ್ಲ. ಕಡೆಗೆ ಕೀಲಿಮಣೆಯ ಬಲಗಡೆಯ ಕಂಟ್ರೋಲ್ ಜೊತೆಗೆ 'ಸಿ' ಒತ್ತಿದಾಗ ಕಿಟಕಿಯನ್ನು ಎಳೆದಷ್ಟೂ ಚಿತ್ರ ಹಿಗ್ಗಿ, ಪರದೆಯನ್ನೆಲ್ಲ ತುಂಬಿತು. ಆಹಾ, ಗೆದ್ದೆವು ಎಂದುಕೊಂಡು ಮೂರು ವಾರ ಹಾಗೆಯೇ ಕೆಲಸ ಸಾಗಿಸಿದೆವು. ಅಕ್ಷರಗಳ ಅಂಚು ಮಸುಕಾಗಿ ಕಂಡದ್ದಕ್ಕೆ ನಮ್ಮ ಕಣ್ಣಿನ ಪೊರೆಯನ್ನು ದೂರಿದೆವು. ಮೊದಲ ಹದಿನಾಲ್ಕು ಗರಿಗಳ ಪ್ರತಿಯನ್ನು ಆ ಮನೆಯವರಿಗೆ ಕಳುಹಿಸಿಯೂ ಬಿಟ್ಟೆವು.

ನಾಲ್ಕು ದಿನಗಳ ತರುವಾಯ ಆ ಮನೆಯ ಯಜಮಾನರು ದೂರವಾಣಿಯಲ್ಲಿ ಮಾತನಾಡಿದರು. "ಶಾಸ್ತ್ರಿಗಳೇ, ಹೊಟ್ಟೆಯುಬ್ಬರದ ಔಷಧಿಗೆ ಇಂಗು ಮೂರು ತೊಲ ಅಂತ ಬರೆದೀರಿ. ನಮ್ಮಪ್ಪ ಎರಡಕ್ಕಿಂತ ಹೆಚ್ಚು ಹಾಕಿದ್ದನ್ನು ನಾನು ಕಂಡಿಲ್ಲ. ಓಲೆಯಲ್ಲಿ ಹಾಗೆ ಇದೆಯೇನು?" ಎಂದರು. ನಮ್ಮ ಕೈ ನಡುಗಿತು. ಮುದ್ರಿತ ಛಾಯಾಪ್ರತಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆವು. ಓಲೆಯಲ್ಲಿದ್ದದ್ದು ೨. ಹಿಗ್ಗಿಸಿದ ಮಸುಕಿನಲ್ಲಿ ಅದರ ಬಾಲದ ತಿರುವು ಇನ್ನೊಂದು ಬಾಗು ಪಡೆದಂತೆ ಕಂಡು, ನಾವು ೩ ಎಂದು ಬರೆದಿದ್ದೆವು. ಆ ಮನೆಯಲ್ಲಿ ಔಷಧಿಯ ಅಳತೆ ಕೈರೂಢಿಯಲ್ಲಿ ಉಳಿದಿದ್ದರಿಂದ ತಪ್ಪು ಸಿಕ್ಕಿತು. ಉಳಿಯದ ಮನೆಯೊಂದಕ್ಕೆ ಆ ಪ್ರತಿ ಹೋಗಿದ್ದರೆ?

ಅಂದೇ ಸಂಕೋಚ ಬಿಟ್ಟು ಹುಡುಗನಿಗೆ ಎಲ್ಲವನ್ನೂ ಹೇಳಿದೆವು. ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ನಾವು ಮಾಡಿದ್ದು ಚಿತ್ರವನ್ನು ಹಿಗ್ಗಿಸಿದ್ದೇ ಹೊರತು ಬಿಂದುಗಳನ್ನು ಹೆಚ್ಚಿಸಿದ್ದಲ್ಲ ಎಂದು ವಿವರಿಸಿದ. 800ನ್ನು 600ರಿಂದ ಗುಣಿಸಿದರೆ 4,80,000 ಬಿಂದುಗಳು. ನಮ್ಮ ಪರದೆಯ ಸಾಮರ್ಥ್ಯ 1920ಕ್ಕೆ 1080, ಅಂದರೆ 20,73,600. ಕಾಲು ಭಾಗಕ್ಕೂ ಕಡಿಮೆ ಬಿಂದುಗಳನ್ನು ಇಡೀ ಪರದೆಗೆ ಹರಡಿ ನಾವು ಸೂಕ್ಷ್ಮಪಾಠ ಓದುತ್ತಿದ್ದೆವು!

ನಿಜವಾದ ಪರದೆಯನ್ನು ಗಣಕಕ್ಕೆ ಜೋಡಿಸಿದೊಡನೆ ಅದು ತನ್ನ ಅಳತೆಯನ್ನು ತಾನೇ ತಿಳಿಸುತ್ತದೆ. ಅತಿಥಿ ಗಣಕಕ್ಕೆ ಜೋಡಿಸಿರುವುದು ಕಲ್ಪಿತ ಪರದೆ. ಹೊರಗಿನ ಕಿಟಕಿ ಎಷ್ಟು ದೊಡ್ಡದೆಂಬುದು ಅದಕ್ಕೆ ಅರಿವಾಗದು. ಮನೆಯ ವಿಸ್ತಾರ ತಿಳಿಯದ ಅತಿಥಿ ಪಡಸಾಲೆಯ ಮೂಲೆಯಲ್ಲೇ ಮುದುಡಿ ಕುಳಿತಂತೆ ಅದರ ಸ್ಥಿತಿ. ಆತಿಥೇಯನ ಸಮಾಚಾರವನ್ನು ಅದಕ್ಕೆ ಮುಟ್ಟಿಸಲು ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್ ಅಡಿಷನ್ಸ್ ಎಂಬ ಪರಿಕರವುಂಟು. ವಿಎಂವೇರ್ ಬಳಸುವವರಿಗೆ ಓಪನ್-ವಿಎಂ-ಟೂಲ್ಸ್, ಕೆವಿಎಂ ಬಳಸುವವರಿಗೆ ಸ್ಪೈಸ್-ವಿಡಿಏಜೆಂಟ್ ಇದೇ ಕಾರ್ಯವನ್ನು ನಿರ್ವಹಿಸುತ್ತವೆ. ಬಸ್ಸಿನ ಅವಸರದಲ್ಲಿ ಹುಡುಗ ಅದನ್ನು ಹಾಕುವುದನ್ನು ಮರೆತಿದ್ದ.

ಡಿವೈಸಸ್ ಪಟ್ಟಿಯಿಂದ ಅಡಿಷನ್ಸ್‌ನ ಸಿಡಿ ಪ್ರತಿಯನ್ನು ಸೇರಿಸಿ ನಡೆಸಿದೆವು. ಮೊದಲ ಯತ್ನ ವಿಫಲವಾಯಿತು. ಆ ಪರಿಕರದ ಒಂದಂಶ ನಮ್ಮ ಯಂತ್ರದಲ್ಲಿಯೇ ಕಂಪೈಲ್ ಆಗಬೇಕು. ಅದಕ್ಕೆ ಬಿಲ್ಡ್-ಎಸೆನ್ಶಿಯಲ್ ಎಂಬ ಕಟ್ಟೂ, ಚಾಲನೆಯಲ್ಲಿರುವ ಕರ್ನಲ್‌ನ ಆವೃತ್ತಿಗೇ ಸರಿಹೊಂದುವ ಲಿನಕ್ಸ್-ಹೆಡರ್ಸ್ ಕಡತಗಳೂ ಮುಂಚೆಯೇ ಇರಬೇಕು. ಅವನ್ನು ಹಾಕಿ ಪುನಃ ನಡೆಸಿದಾಗ ಕಾರ್ಯ ಸುಗಮವಾಯಿತು. ಆದರೂ ಮರುಚಾಲನೆಯ ನಂತರ ಪರದೆ ಹಿಗ್ಗಲಿಲ್ಲ! ಇಲ್ಲಿ ನಮ್ಮ ಹಳೆಯ ಕೈಚಳಕವೇ ಅಡ್ಡ ಬಂದಿತ್ತು. ಲಿನಕ್ಸ್ ಅತಿಥಿಗೆ ಇರಬೇಕಾದದ್ದು ವಿಎಂಎಸ್‌ವಿಜಿಎ ಎಂಬ ನಿಯಂತ್ರಕ. ನಾವು ತಡಕಾಡುವಾಗ ಹಳೆಯ ವಿಬಾಕ್ಸ್‌ವಿಜಿಎ ಆರಿಸಿಟ್ಟಿದ್ದೆವು. ಅತಿಥಿಯನ್ನು ಪೂರ್ಣವಾಗಿ ಆರಿಸಿದ ಮೇಲಲ್ಲದೆ ಇದನ್ನು ಬದಲಿಸಲಾಗದು. ಬದಲಿಸುವಾಗಲೇ ದೃಶ್ಯಸ್ಮೃತಿಯನ್ನು 16ರಿಂದ 128 ಮೆಗಾಬೈಟಿಗೆ ಏರಿಸಿದೆವು. ನಮ್ಮ ಅಳತೆಯ ಒಂದು ಚಿತ್ರಕ್ಕೆ 8 ಮೆಗಾಬೈಟು ಸಾಕಾದರೂ ವ್ಯವಸ್ಥೆ ಒಂದೇ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲವಂತೆ. ಕಡೆಗೆ ಬಲಗಂಟ್ರೋಲ್ ಮತ್ತು 'ಸಿ' ಮತ್ತೊಮ್ಮೆ ಒತ್ತಿ ಹಿಗ್ಗಿಸುವ ಕ್ರಮದಿಂದ ಹೊರಬಂದು, ವ್ಯೂ ಪಟ್ಟಿಯಲ್ಲಿ ಅತಿಥಿಯ ಪರದೆ ತಾನಾಗಿ ಹೊಂದಿಕೊಳ್ಳಲೆಂಬ ಆಯ್ಕೆಯನ್ನು ಗುರುತಿಸಿದೆವು. ಕಿಟಕಿಯನ್ನು ಎಳೆದೊಡನೆ ಒಳಗಿನ ಪರದೆ ಕ್ಷಣಕಾಲ ಕಪ್ಪಾಗಿ, ಮರುಕ್ಷಣ ಪೂರ್ತಿಯಾಗಿ ಹರಡಿತು. ಗರಿಯ ಎರಡು ತುದಿಗಳೂ, ನಡುವಿನ ದಾರದ ರಂಧ್ರವೂ ಏಕಕಾಲಕ್ಕೆ ಕಂಡವು.

ಎಕ್ಸ್‌ರ್‍ಯಾಂಡ್‌ಆರ್ ಎಂಬ ಆಜ್ಞೆಯಿಂದ ಬೇಕಾದ ಅಳತೆಯನ್ನು ಕೈಯಾರೆ ಸೇರಿಸುವ ಮಾರ್ಗವೂ ಇದೆ. ಆದರೆ ಹಾಗೆ ಸೇರಿಸಿದ್ದು ಮರುಚಾಲನೆಯಾದೊಡನೆ ಅಳಿದುಹೋಗುತ್ತದೆ. ಹೊಸ ವೇಲ್ಯಾಂಡ್ ಪದ್ಧತಿಯಲ್ಲಂತೂ ಅದು ನಡೆಯದು. ನಮ್ಮಂಥವರಿಗೆ ಅದು ಬೇಡವೆಂದೇ ನಮ್ಮ ಅಭಿಮತ. ಕರ್ನಲ್ ನವೀಕರಣವಾದಾಗ ಪರದೆ ಮತ್ತೆ ಕುಗ್ಗಿದರೆ ಗಾಬರಿ ಬೇಡ. ಹೊಸ ಹೆಡರ್ಸ್ ಇವೆಯೇ ಎಂದು ನೋಡಿ, ಅಡಿಷನ್ಸ್ ಅನ್ನು ಮತ್ತೊಮ್ಮೆ ನಡೆಸಬೇಕು. ನಮಗೆ ಈವರೆಗೆ ಒಂದು ಸಲ ಹಾಗಾಗಿದೆ.

ಹದಿನಾಲ್ಕು ಗರಿಗಳನ್ನೂ ಮೊದಲಿನಿಂದ ಓದಿದೆವು. ಅಂಕೆಯ ತಪ್ಪು ಇನ್ನೂ ಎರಡು ಕಡೆ ಸಿಕ್ಕಿತು. ಒಂದೆಡೆ ಪಕಾರವನ್ನು ಷಕಾರವೆಂದು ಓದಿದ್ದೆವು. ತಿದ್ದಿದ ಪ್ರತಿಯೊಡನೆ ಕ್ಷಮೆ ಕೋರಿ ಪತ್ರ ಬರೆದು, ಹಿಂದಿನ ಪ್ರತಿಯನ್ನು ಮರಳಿಸಬೇಕೆಂದು ಕೇಳಿಕೊಂಡೆವು. ಯಜಮಾನರು ಅದನ್ನು ತಾವೇ ತಂದುಕೊಟ್ಟರು. ಇಂಗಿನ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ದಪ್ಪಗೆ '೨' ಎಂದು ಬರೆದಿದ್ದರು.